ನಲವತ್ತು ಸಾವಿರ ಚುಕ್ಕಿ

ಅಪ್ಪ ಗದಗಿನ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಕೆಲಸ ಮಾಡುತ್ತಿದ್ದರು. ಆ ಊರಲ್ಲಿ ಆಗ ಪ್ರೆಸ್ಸು ಎಂದರೆ ಬೇರೆ ಊರುಗಳಲ್ಲಿ ಕಿರಾಣಿ ಅಂಗಡಿ ಇದ್ದ ಹಾಗೆ. ಒಂದು ಓಣಿ ದಾಟಿದರೆ ಇನ್ನೊಂದು ಟ್ರೆಡಲ್ ಸದ್ದು ಕೇಳುತ್ತಿತ್ತು. ನನಗೆ ಎಂಟೋ ಒಂಬತ್ತೋ ವಯಸ್ಸಿದ್ದಾಗ ಒಂದು ರವಿವಾರ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಪೇಪರಿನಲ್ಲಿದ್ದ ಒಂದು ಫೋಟೋದ ಮೇಲೆ ಭೂತಗನ್ನಡಿ ಇಟ್ಟು "ನೋಡು" ಅಂದರು. ಯಾರೋ ಮಂತ್ರಿಯ ಮುಖ. ಗಾಜಿನ ಅಡಿಯಲ್ಲಿ ಮಂತ್ರಿ ಇರಲಿಲ್ಲ. ಸಾಲು ಹಿಡಿದು ನಿಂತ ಕರಿ ಚುಕ್ಕಿಗಳಷ್ಟೇ ಇದ್ದವು, ಕೆಲವು ದಪ್ಪ, ಕೆಲವು ಸಾಸಿವೆಗಿಂತ ಸಣ್ಣ.

"ಮುಖ ಎಲ್ಲಿ ಹೋತು?" ಅಂದೆ.

"ಎಲ್ಲೂ ಹೋಗಿಲ್ಲ. ಗಾಜು ತೆಗಿ, ಬರತೈತಿ."

ಅದನ್ನು ಹಾಫ್‌ಟೋನ್ ಎನ್ನುತ್ತಾರೆಂದು ಆಮೇಲೆ ತಿಳಿಯಿತು. ಅಚ್ಚಿನ ಯಂತ್ರಕ್ಕೆ ಬೂದು ಬಣ್ಣ ಗೊತ್ತಿಲ್ಲ. ಮಸಿ ಹತ್ತುತ್ತದೆ, ಇಲ್ಲವೇ ಹತ್ತುವುದಿಲ್ಲ. ಹಾಗಾಗಿ ಗಾಢ ಬೇಕಾದಲ್ಲಿ ದಪ್ಪ ಚುಕ್ಕಿ, ತಿಳಿ ಬೇಕಾದಲ್ಲಿ ಸಣ್ಣ ಚುಕ್ಕಿ ಇಟ್ಟು ಕಣ್ಣಿಗೆ ಬೂದು ಇದೆಯೆಂದು ನಂಬಿಸುತ್ತಾರೆ. ಅಪ್ಪ ಹೋಗಿ ಆರು ವರ್ಷವಾಯಿತು. ಭೂತಗನ್ನಡಿ ನನ್ನ ಬಳಿ ಇದೆ, ಹಿಡಿಕೆ ಮುರಿದಿದೆ.

ನಾನು ಎಂ.ಟೆಕ್. ಮುಗಿಸಿ ಪುಣೆಗೆ ಬಂದು ಹತ್ತೊಂಬತ್ತು ವರ್ಷ. ಹಿಂಜವಡಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಊರಿಗೆ ಹೋದಾಗ "ಅಂದ್ರ ನೀ ಏನ್ ಮಾಡ್ತಿ?" ಎಂದು ಯಾರಾದರೂ ಕೇಳಿದರೆ ಉತ್ತರಿಸುವುದು ಕಷ್ಟ. ಬೇರೆಯವರು ಮಾಡುವ ಕೆಲಸ ಯಾವಾಗ ಮುಗಿಯುತ್ತದೆ ಎಂದು ಮೂರನೆಯವರಿಗೆ ಖಾತ್ರಿಯಿಂದ ಹೇಳುವುದು ನನ್ನ ಕೆಲಸ. ನಿಮ್ಮಲ್ಲಿ ಅನೇಕರು ಇದೇ ಗಾಣಕ್ಕೆ ಕಟ್ಟಿಕೊಂಡವರು, ಹೆಚ್ಚು ವಿವರಿಸಬೇಕಿಲ್ಲ.

ಮೂರು ವರ್ಷದ ಹಿಂದೆ ಒಂದು ಗುರುವಾರ ಮೇಲಿನವರು ನನಗೊಂದು ಸಂಖ್ಯೆ ಕೊಟ್ಟರು: ಆರು. ನನ್ನ ತಂಡದಲ್ಲಿ ಮೂವತ್ತೊಂದು ಜನ. ಸೋಮವಾರದೊಳಗೆ ಆರು ಹೆಸರು ಕಳಿಸಬೇಕಿತ್ತು. ಎಕ್ಸೆಲ್ ತೆರೆದು ಅಂಕ ಕೊಡುತ್ತ ಕೂತೆ. ಅನುಭವಕ್ಕಿಷ್ಟು, ರೇಟಿಂಗಿಗಿಷ್ಟು, ಕ್ಲೈಂಟಿಗೆ ಬೇಕಾದವರಿಗಿಷ್ಟು. ಐದು ಹೆಸರು ತಾವಾಗಿಯೇ ಕೆಳಗೆ ಬಂದವು. ಆರನೆಯ ಜಾಗಕ್ಕೆ ಇಬ್ಬರು, ಒಬ್ಬ ಹುಡುಗ, ಒಬ್ಬ ಹುಡುಗಿ, ಇಬ್ಬರ ಅಂಕವೂ ದಶಾಂಶದವರೆಗೆ ಸಮ. ರವಿವಾರ ರಾತ್ರಿ ಹನ್ನೊಂದಕ್ಕೆ ಹುಡುಗನ ಹೆಸರು ಬರೆದು ಕಳಿಸಿದೆ. ಯಾಕೆ ಅವನದೇ ಎಂದು ಈಗಲೂ ನನಗೆ ಹೇಳಲು ಬರುವುದಿಲ್ಲ.

ಆ ವಾರ ನಿದ್ದೆ ಬಾರದೆ ಮೊಬೈಲ್ ತಿಕ್ಕುತ್ತಿದ್ದಾಗ ಕಣ್ಣಿಗೆ ಬಿದ್ದದ್ದು ಟೊನೊಮುರಾ ಅವರ ಚಿತ್ರ. ಇಂಜಿನಿಯರಿಂಗ್ ಮೊದಲ ವರ್ಷದ ಫಿಸಿಕ್ಸ್ ಪಾಠದಲ್ಲಿ ನೋಡಿ ಮರೆತಿದ್ದೆ. ಜಪಾನಿನ ಹಿಟಾಚಿ ಪ್ರಯೋಗಾಲಯದಲ್ಲಿ ಅಕಿರಾ ಟೊನೊಮುರಾ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಿಂದ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಬಿಡುತ್ತಾರೆ. ಎಷ್ಟು ಬಿಡಿಬಿಡಿಯಾಗಿ ಎಂದರೆ ಒಂದು ಪರದೆ ಮುಟ್ಟುವ ಹೊತ್ತಿಗೆ ಇನ್ನೊಂದು ಹೊರಟೇ ಇರುವುದಿಲ್ಲ. ನಡುವೆ ಒಂದು ತೆಳು ತಂತಿ. ಅದರ ಎಡಕ್ಕೆ ಹೋಗಲು ಒಂದು ದಾರಿ, ಬಲಕ್ಕೆ ಒಂದು ದಾರಿ. ಪರದೆಯ ಮೇಲೆ ಪ್ರತಿ ಎಲೆಕ್ಟ್ರಾನೂ ಒಂದು ಚುಕ್ಕಿಯಾಗಿ ಬೀಳುತ್ತದೆ. ಆ ಚಿತ್ರದಲ್ಲಿ ಐದು ಹಂತಗಳಿವೆ. ಮೊದಲನೆಯದರಲ್ಲಿ ಬೆರಳೆಣಿಕೆಯಷ್ಟು ಚುಕ್ಕಿ, ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಎರಡನೆಯದರಲ್ಲಿ 200. ಅಲ್ಲಿಯೂ ಹರಳೆಣ್ಣೆ ಸಿಡಿದ ಹಾಗೆ, ಅಷ್ಟೆ. 6,000ಕ್ಕೆ ಬಂದಾಗ ಏನೋ ಇದೆ ಎನ್ನಿಸುತ್ತದೆ. 40,000ಕ್ಕೆ ಪಟ್ಟೆಗಳು ಎದ್ದು ಕಾಣುತ್ತವೆ, 140,000ಕ್ಕೆ ಇಳಕಲ್ ಸೀರೆಯ ಅಂಚಿನಷ್ಟು ಸ್ಪಷ್ಟ. ಒಂಟಿಯಾಗಿ ಬಂದ ಚುಕ್ಕಿಗಳಿಗೆ ಪಟ್ಟೆ ಕಟ್ಟಬೇಕೆಂದು ಹೇಳಿದವರು ಯಾರು? ಹಿಂದಿನ ಎಲೆಕ್ಟ್ರಾನ್ ಎಲ್ಲಿ ಬಿತ್ತೆಂದು ಮುಂದಿನದಕ್ಕೆ ಗೊತ್ತಿಲ್ಲ. 1926ರಲ್ಲಿ ಮ್ಯಾಕ್ಸ್ ಬಾರ್ನ್ ಕೊಟ್ಟ ವಿವರಣೆಯ ಪ್ರಕಾರ ಸಮೀಕರಣ ಹೇಳುವುದು ಸಂಭವನೀಯತೆಯನ್ನು ಮಾತ್ರ. ಇಲ್ಲಿ ಇಷ್ಟು ಬೀಳುತ್ತವೆ, ಅಲ್ಲಿ ಅಷ್ಟು. ಯಾವುದು ಎಲ್ಲಿ ಎಂದು ಅದು ಹೇಳುವುದಿಲ್ಲ.

ಆ ರಾತ್ರಿ ಇದು ನನಗೆ ಸಮಾಧಾನ ಕೊಟ್ಟಿತೆಂದು ಒಪ್ಪಿಕೊಳ್ಳುತ್ತೇನೆ. ಆರು ಎಂಬುದು ನಿಯಮ, ಯಾರು ಎಂಬುದು ಆಕಸ್ಮಿಕ. ನಾನೇನು ಮಾಡಲಿ? ಬೆಳಗ್ಗೆ ಹಲ್ಲುಜ್ಜುವಾಗ ಆ ಸಮಾಧಾನ ಹಳಸಿತ್ತು. ಎಲೆಕ್ಟ್ರಾನನ್ನು ಅಲ್ಲಿ ಯಾರೂ ಆರಿಸಿ ಇಡುವುದಿಲ್ಲ. ಎಕ್ಸೆಲಿನ ಮುಂದೆ ಒಬ್ಬ ಮನುಷ್ಯ ಕೂತಿದ್ದ.

ಆದರೆ ಚಿತ್ರ ತಲೆಯಿಂದ ಹೋಗಲಿಲ್ಲ. ನನಗೆ ಚಿತ್ರ ಬರೆಯಲು ಬರುವುದಿಲ್ಲ. ಬಾಳೆಹಣ್ಣು ಬರೆದರೆ ದೋಣಿಯಾಗುತ್ತದೆ. ಬರುವುದು ಕೋಡ್. ರಾತ್ರಿ ಊಟವಾದ ಮೇಲೆ ಪೈಥಾನಿನಲ್ಲಿ ಬರೆಯತೊಡಗಿದೆ. ಪರದೆಯ ಮೇಲಿನ ಪ್ರತಿ ಜಾಗಕ್ಕೂ ಒಂದು ಸಂಭವನೀಯತೆ, ಅದಕ್ಕೆ ತಕ್ಕಂತೆ ಕಂಪ್ಯೂಟರ್ ಎಸೆಯುವ ಚುಕ್ಕಿ. ಮೊದಲು ಎರಡು ಸೀಳು, ಆಮೇಲೆ ಮೂರು ಸೀಳು, ಆಮೇಲೆ ಒಂದರ ಮೇಲೊಂದು ಹಾಸಿದ ಎರಡು ವಿನ್ಯಾಸ. ಅಲ್ಲಿಂದ ಹೈಡ್ರೋಜನ್ ಪರಮಾಣುವಿಗೆ ಹೋದೆ. ಅದರ ಎಲೆಕ್ಟ್ರಾನು ಬೇರೆ ಬೇರೆ ಸ್ಥಿತಿಗಳಲ್ಲಿ ಎಲ್ಲೆಲ್ಲಿ ಸಿಗಬಹುದು ಎಂಬುದನ್ನು ಚುಕ್ಕಿಯಲ್ಲಿ ಹಾಕಿದರೆ ಒಂದು ಸ್ಥಿತಿ ದುಂಡಗಿನ ಹತ್ತಿಯುಂಡೆ, ಇನ್ನೊಂದು ಡಂಬೆಲ್, ಮತ್ತೊಂದು ನಾಲ್ಕು ಎಸಳಿನ ಹೂವು. ಕಡುನೀಲಿ ಹಿನ್ನೆಲೆಗೆ ಕೇಸರಿ ಚುಕ್ಕಿ ಇಟ್ಟು ದಪ್ಪ ಹತ್ತಿಕಾಗದದ ಮೇಲೆ ಪ್ರಿಂಟ್ ಹಾಕಿಸಿದೆ. ಚೆಂದ ಬಂದವು. ಸುಳ್ಳು ಯಾಕೆ ಹೇಳಲಿ, ಬಹಳ ಚೆಂದ ಬಂದವು.

ನಮ್ಮ ಸೊಸೈಟಿಯ ಗಣಪತಿ ಹಬ್ಬದಲ್ಲಿ ಕ್ಲಬ್‌ಹೌಸಿನ ಗೋಡೆಗೆ ಹನ್ನೆರಡು ಚಿತ್ರ ತೂಗುಹಾಕಿದರು. ಒಂದು ಬದಿ ಮಕ್ಕಳ ಚಿತ್ರಕಲಾ ಸ್ಪರ್ಧೆ, ಇನ್ನೊಂದು ಬದಿ ನಾನು. ಅಲ್ಲಿಗೆ ಬಂದಿದ್ದ ಒಬ್ಬರು ಮುಂದಿನ ವಾರ ಫೋನ್ ಮಾಡಿದರು. ಧ್ಯಾನ, ಮಸಾಜು, ಇನ್ನೂ ಏನೇನೋ ಚಿಕಿತ್ಸೆ ಕೊಡುವ ಕೇಂದ್ರ ನಡೆಸುತ್ತಿದ್ದರು. ಐದು ಚಿತ್ರಕ್ಕೆ ಮೂವತ್ತೈದು ಸಾವಿರ ಕೊಡುತ್ತೇನೆಂದರು. ನನಗೆ ಇನ್ಕ್ರಿಮೆಂಟ್ ಸಿಕ್ಕಿದಾಗಲೂ ಅಷ್ಟು ಖುಷಿಯಾಗಿರಲಿಲ್ಲ. ಪ್ರತಿ ಚಿತ್ರದ ಕೆಳಗೆ ಹಾಕಲು ಎರಡು ಸಾಲು ಬರೆದುಕೊಡಿ ಎಂದರು, ಬರೆದುಕೊಟ್ಟೆ: ಈ ಚಿತ್ರದ ಒಂದೊಂದು ಚುಕ್ಕಿಯೂ ಕ್ವಾಂಟಂ ಆಕಸ್ಮಿಕದಿಂದ ಹುಟ್ಟಿದ್ದು, ಇದೇ ಚಿತ್ರ ಜಗತ್ತಿನಲ್ಲಿ ಇನ್ನೊಮ್ಮೆ ಮೂಡಲಾರದು. ಬರೆಯುವಾಗ ಒಂದು ಕ್ಷಣವೂ ಕೈ ತಡೆಯಲಿಲ್ಲ. ಅಲ್ಲಿ ಹೋಗಿ ನೋಡಿದರೆ ನನ್ನ ಸಾಲಿನ ಕೆಳಗೆ ಅವರದೂ ಒಂದು ಸಾಲು ಸೇರಿತ್ತು: ದಿನಕ್ಕೆ ಹತ್ತು ನಿಮಿಷ ಇದನ್ನು ನೋಡಿದರೆ ನಿಮ್ಮ ಜೀವಕೋಶಗಳ ಕ್ವಾಂಟಂ ಕಂಪನ ಸರಿಹೋಗುತ್ತದೆ. ನಕ್ಕು ಸುಮ್ಮನಾದೆ. ಚಹಾ ಕೊಟ್ಟರು, ಕುಡಿದು ಬಂದೆ.

ನಾಲ್ಕು ತಿಂಗಳಿಗೆ ಮತ್ತೆ ಫೋನ್. ಎರಡನೇ ಬ್ರಾಂಚ್ ತೆರೆಯುತ್ತಿದ್ದೇವೆ, ಆ ಹೂವಿನಂಥದ್ದು ಎಲ್ಲರಿಗೂ ಹಿಡಿಸಿದೆ, ಸರ್, ಡಿಟ್ಟೋ ಅದೇ ಇನ್ನೊಂದು ಬೇಕು. ಆಯಿತೆಂದೆ. ಲ್ಯಾಪ್‌ಟಾಪ್ ತೆರೆದು ಹಳೆಯ ಕೋಡ್ ಓಡಿಸಿದೆ. ಹತ್ತು ಹನ್ನೆರಡು ಸೆಕೆಂಡಿನಲ್ಲಿ ಚಿತ್ರ ಬಂತು. ಡಿಟ್ಟೋ ಅದೇ. ಮೂಲೆಯಲ್ಲಿ ಗುಂಪಿನಿಂದ ತಪ್ಪಿಸಿಕೊಂಡಂತೆ ಬಿದ್ದಿದ್ದ ಒಂಟಿ ಚುಕ್ಕಿಯೂ ಅಲ್ಲೇ.

ಕೋಡ್ ಬರೆಯುವವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಪೈಥಾನಿನ ರ‍್ಯಾಂಡಮ್ ನಿಜವಾದ ರ‍್ಯಾಂಡಮ್ ಅಲ್ಲ. ಮರ್ಸೆನ್ ಟ್ವಿಸ್ಟರ್ ಎಂಬ ಗಣಿತದ ಸೂತ್ರ. ಅದಕ್ಕೊಂದು ಆರಂಭದ ಸಂಖ್ಯೆ, ಅಂದರೆ ಸೀಡ್, ಕೊಟ್ಟರೆ ಮುಂದಿನ ಸರಣಿಯೆಲ್ಲ ಅಲ್ಲಿಂದಲೇ ಬಿಚ್ಚಿಕೊಳ್ಳುತ್ತದೆ. ಅದೇ ಸೀಡ್ ಕೊಟ್ಟರೆ ಅದೇ ಸರಣಿ. ಟೆಸ್ಟ್ ಮಾಡಲು ಅನುಕೂಲವೆಂದು ಎಲ್ಲರಂತೆ ನಾನೂ ಮೊದಲ ಸಾಲಿನಲ್ಲೇ 42 ಎಂದು ಬರೆದಿಟ್ಟಿದ್ದೆ. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ "ಇನ್ನೊಮ್ಮೆ ಮೂಡಲಾರದು" ಎಂದು ಬರೆದು, ಹಣ ತೆಗೆದುಕೊಂಡಿದ್ದೆ. ಗೋಡೆಯ ಮೇಲಿದ್ದ ಎರಡು ಸಾಲುಗಳಲ್ಲಿ ಅವರ ಸಾಲು ಅಜ್ಞಾನದ್ದಿರಬಹುದು. ನನ್ನದು ಹಾಗಲ್ಲ.

ಮಗಳು ಹನ್ನೊಂದನೇ ತರಗತಿ, ಸೈನ್ಸ್. ಪಕ್ಕದಲ್ಲೇ ಕೂತು ಅವಳದೇನೋ ಬರೆಯುತ್ತಿದ್ದಳು. ಅವಳಿಗೆ ಹೇಳಿದೆ, ನೋಡು ಹೀಗಾಯಿತು ಎಂದು. ಅವಳು ಮರಾಠಿ ಬೆರೆಸಿದ ತನ್ನ ಕನ್ನಡದಲ್ಲಿ ಕೇಳಿದಳು, "ಪಪ್ಪಾ, ಎಲೆಕ್ಟ್ರಾನಿಗೂ ಆತ ಒಂದು ಸೀಡ್ ಅಸೇಲ್ ನಾ? ನಮಗ ಕಾಣಿಸ್ತಿಲ್ಲ, ಅಷ್ಟೇ."

ಈ ಪ್ರಶ್ನೆಗೆ ದೊಡ್ಡ ಚರಿತ್ರೆ ಇದೆ. ಐನ್‌ಸ್ಟೈನರನ್ನು ಕಾಡಿದ್ದೂ ಇಂಥದ್ದೇ ಸಂಶಯ: ಕಣ್ಣಿಗೆ ಕಾಣದ ಯಾವುದೋ ವಿವರ ಕಣದೊಳಗೇ ಅಡಗಿದೆ, ಅದು ಸಿಕ್ಕರೆ ಆಕಸ್ಮಿಕವೆಂಬುದು ಉಳಿಯುವುದಿಲ್ಲ. 1964ರಲ್ಲಿ ಜಾನ್ ಬೆಲ್ ಇದನ್ನು ಪರೀಕ್ಷಿಸುವ ದಾರಿ ತೋರಿಸಿದರು. ಜೋಡಿಯಾಗಿ ಹುಟ್ಟಿದ ಎರಡು ಕಣಗಳನ್ನು ದೂರ ದೂರ ಒಯ್ದು ಅಳೆದಾಗ, ಒಳಗೆ ಮೊದಲೇ ಉತ್ತರ ಬರೆದುಕೊಂಡು ಹೊರಟ ಕಣಗಳಾದರೆ ಅವುಗಳ ಹೊಂದಾಣಿಕೆ ಒಂದು ಮಿತಿ ದಾಟುವಂತಿಲ್ಲ. ಕ್ಲಾಸರ್, ಆಸ್ಪೆ, ಝೈಲಿಂಗರ್ ಮತ್ತು ಇತರರು ಅಳೆದರು. ಮಿತಿ ದಾಟಿತು. 2022ರ ನೊಬೆಲ್ ಈ ಮೂವರಿಗೆ. ಅಂದರೆ ಪ್ರತಿ ಕಣವೂ ತನ್ನ ಜೇಬಿನಲ್ಲಿ ತನ್ನದೇ ಸೀಡ್ ಇಟ್ಟುಕೊಂಡು ಓಡಾಡುತ್ತಿದೆ ಎಂಬ ಸುಲಭದ ಕಲ್ಪನೆ ನಿಲ್ಲುವುದಿಲ್ಲ. ಎಷ್ಟೇ ದೂರದ ಕಣಗಳನ್ನೂ ಒಂದೇ ಏಟಿಗೆ ಹೆಣೆಯುವ ಗುಪ್ತ ಹಂಚಿಕೆ ಇದ್ದರೆ ಆ ಮಾತು ಬೇರೆ. ಬೋಮ್ ಎಂಬ ಭೌತವಿಜ್ಞಾನಿ ಅಂಥದ್ದೊಂದನ್ನು ಕಟ್ಟಿದ್ದಾರೆ, ಅದನ್ನು ಈ ಪ್ರಯೋಗಗಳು ಅಲ್ಲಗಳೆದಿಲ್ಲ. ಇದನ್ನು ಮಗಳಿಗೆ ವಿವರಿಸುವಷ್ಟರಲ್ಲಿ ರಾತ್ರಿ ಒಂದು ಗಂಟೆ. ಹೆಂಡತಿ ಬಂದು ಲೈಟ್ ಆರಿಸಿದಳು.

ಮರುದಿನ ಕೇಂದ್ರದವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆ ಚಿತ್ರಗಳು ಕಂಪ್ಯೂಟರ್ ಲೆಕ್ಕದವು, ನಾನು ಬರೆದ ಸಾಲು ಸುಳ್ಳು, ಹಣ ವಾಪಸ್ ಕೊಡುತ್ತೇನೆ, ಚಿತ್ರ ಇಳಿಸಿ. ಅವರು ಒಳ್ಳೆಯ ಮನುಷ್ಯ, ಸ್ವಲ್ಪವೂ ಸಿಟ್ಟಾಗಲಿಲ್ಲ. "ಸರ್, ಅದನ್ನೆಲ್ಲ ಯಾರು ಕೇಳ್ತಾರೆ? ಜನರಿಗೆ ಶಾಂತಿ ಸಿಗ್ತಿದೆ. ನೀವು ಟೆನ್ಶನ್ ತಗೋಬೇಡಿ" ಎಂದು ನನಗೇ ಎರಡು ಉಚಿತ ಸಿಟ್ಟಿಂಗ್ ಕೊಡಲು ಬಂದರು. ಕೊನೆಗೆ ನನ್ನ ಸಾಲನ್ನಾದರೂ ತೆಗೆಯಿರಿ ಎಂದು ಕೇಳಿಕೊಂಡೆ. ತೆಗೆದರು. ಈಗ ಅಲ್ಲಿ ಚಿತ್ರವಿದೆ, ಕೆಳಗೆ ಜೀವಕೋಶದ ಸಾಲು ಮಾತ್ರ ಇದೆ. ಎರಡನೇ ಬ್ರಾಂಚಿಗೆ ಕೊಡಲಿಲ್ಲ. ಮೂವತ್ತೈದು ಸಾವಿರ ಇನ್ನೂ ನನ್ನ ಖಾತೆಯಲ್ಲೇ ಇದೆ, ಮುಟ್ಟಿಲ್ಲ.

ಈ ಹೆಸರಿನಲ್ಲಿ ಕಲೆ ಮಾಡಿದವರೆಲ್ಲ ಹೀಗೇ ಎಂದಲ್ಲ. ಲಂಡನ್ನಿನಲ್ಲಿ ಥೇಮ್ಸ್ ನದಿಯ ದಡಕ್ಕೆ ಆಂಟನಿ ಗೋರ್ಮ್ಲಿ ಅವರ 'ಕ್ವಾಂಟಂ ಕ್ಲೌಡ್' ಇದೆ, ಸುಮಾರು 30 ಮೀಟರ್ ಎತ್ತರ. ಆಫೀಸಿನ ಕೆಲಸಕ್ಕೆ ಹೋದಾಗ ಒಮ್ಮೆ ನೋಡಿ ಬಂದಿದ್ದೇನೆ. ಒಂದೂವರೆ ಮೀಟರಿನ ಉಕ್ಕಿನ ತುಂಡುಗಳ ಮುಳ್ಳುಕಂಟಿ, ಅದರ ನಡುವೆ ದಟ್ಟವಾಗುತ್ತ ಹೋಗಿ ಮನುಷ್ಯನ ಆಕಾರ. ಅದರ ವಿನ್ಯಾಸಕ್ಕೂ ಕಂಪ್ಯೂಟರಿನ ರ‍್ಯಾಂಡಮ್ ಲೆಕ್ಕವನ್ನೇ ಬಳಸಿದ್ದಾರೆ. ಆದರೆ ಅದನ್ನು ನೋಡಿದರೆ ಮೊಣಕಾಲು ನೋವು ಹೋಗುತ್ತದೆಂದು ಯಾರೂ ಬೋರ್ಡು ಹಾಕಿಲ್ಲ. ಜೂಲಿಯನ್ ವಾಸ್-ಆಂಡ್ರಿಯೆ ಎಂಬ ಶಿಲ್ಪಿ ಇದ್ದಾರೆ. ವಿಯೆನ್ನಾದಲ್ಲಿ ಝೈಲಿಂಗರ್ ಅವರ ಗುಂಪಿನಲ್ಲಿ ಕ್ವಾಂಟಂ ಪ್ರಯೋಗ ಮಾಡಿ, ಆಮೇಲೆ ಶಿಲ್ಪಕ್ಕೆ ಬಂದವರು. ಉಕ್ಕಿನ ಹಾಳೆಗಳನ್ನು ಸಮಾನಾಂತರವಾಗಿ ನಿಲ್ಲಿಸಿ ಅವರು ಮಾಡಿದ 'ಕ್ವಾಂಟಂ ಮ್ಯಾನ್' ಒಂದು ಕಡೆಯಿಂದ ಗಟ್ಟಿ ಆಳು, ಇನ್ನೊಂದು ಕಡೆಯಿಂದ ನೋಡಿದರೆ ಹಾಳೆಗಳ ಸಂದಿಯಲ್ಲಿ ಮಾಯ. ಅದು ಕ್ವಾಂಟಂ ಅಲ್ಲ, ಕ್ವಾಂಟಂ ಬಗ್ಗೆ ಒಂದು ಉಪಮೆ. ಉಪಮೆ ಎಂದೇ ಅದನ್ನು ನೋಡಬಹುದು. ನನಗೆ ಮಾತ್ರ ಈ ಘಟನೆಯಾದ ಮೇಲೆ ಉಪಮೆ ಸಾಕೆನ್ನಿಸಲಿಲ್ಲ. ಒಂದೇ ಒಂದು ಚಿತ್ರವನ್ನಾದರೂ ಹೇಳಿದ ಮಾತಿಗೆ ತಕ್ಕಂತೆ ಮಾಡಬೇಕು ಎನ್ನಿಸಿತು.

ಆಸ್ಟ್ರೇಲಿಯಾದ ನ್ಯಾಷನಲ್ ಯೂನಿವರ್ಸಿಟಿಯವರು ನಿರ್ವಾತದ ಕ್ವಾಂಟಂ ಏರಿಳಿತವನ್ನು ಲೇಸರಿನಿಂದ ಅಳೆದು, ಅದರಿಂದ ಬರುವ ಸಂಖ್ಯೆಗಳನ್ನು ಇಂಟರ್ನೆಟ್ಟಿನಲ್ಲಿ ಕೊಡುತ್ತಾರೆ. ಸೀಡ್ ಇಲ್ಲದ ಸಂಖ್ಯೆಗಳು. ಅವನ್ನು ತಂದೆ. ಮೂರು ಮೂರರ ಗುಂಪು ಮಾಡಿದೆ. ಮೊದಲನೆಯದು ಹಾಳೆಯ ಮೇಲೆ ಅಡ್ಡಕ್ಕೆ ಎಲ್ಲಿ, ಎರಡನೆಯದು ಉದ್ದಕ್ಕೆ ಎಲ್ಲಿ, ಮೂರನೆಯದು ಆ ಚುಕ್ಕಿಯನ್ನು ಇಡಬೇಕೋ ಬಿಡಬೇಕೋ. ಪಟ್ಟೆಯ ನಡುವಿನ ಜಾಗವಾದರೆ ಬಹುತೇಕ ಉಳಿಯುತ್ತದೆ, ಎರಡು ಪಟ್ಟೆಯ ಸಂದಿಯಾದರೆ ಬಹುತೇಕ ಹೋಗುತ್ತದೆ. ಹೀಗೆ ಹೆಚ್ಚುಕಡಿಮೆ ಅರ್ಧ ಎಸೆದು, ಉಳಿದದ್ದನ್ನು ಪಟ್ಟಿ ಮಾಡಿ, ಅರ್ಧ ಮಿಲಿಮೀಟರ್ ಚೌಕದ ಗ್ರಾಫ್ ಹಾಳೆಯನ್ನು ಕೆಳಗಿಟ್ಟು ಮೇಲೆ ತೆಳು ಎ-3 ಕಾಗದ ಹಾಸಿ, ಅಡಿಯಿಂದ ಎಲ್‌ಇಡಿ ಬೆಳಕು ಬಿಟ್ಟು, 0.1 ಪೆನ್ನಿನಲ್ಲಿ ಕೈಯಿಂದ ಚುಕ್ಕಿ ಇಡುತ್ತೇನೆ. ಪ್ರಿಂಟರಿಗೆ ಕೊಟ್ಟರೆ ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಹಾಗೆ ಮುಗಿದರೆ ಇನ್ನೊಂದು ಪ್ರತಿ ತೆಗೆಯುವುದೂ ನಿಮಿಷದ ಕೆಲಸ, ನನ್ನ ಮೇಲೆ ನನಗೇ ಅಷ್ಟು ಭರವಸೆ ಇಲ್ಲ. ಎಲೆಕ್ಟ್ರಾನ್ ಬಿದ್ದ ಜಾಗ ಇದಲ್ಲ, ಸಂಖ್ಯೆ ಬಿದ್ದ ಜಾಗ. ಇದನ್ನು ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.

ಗುರಿ 40,000. ಒಂದು ಚುಕ್ಕಿಗೆ ಆರು ಸೆಕೆಂಡ್ ಹಿಡಿದರೆ 67 ಗಂಟೆ, ವಾರಾಂತ್ಯಕ್ಕೆ ನಾಲ್ಕು ಗಂಟೆಯಂತೆ ಹದಿನೇಳು ವಾರ ಎಂದು ಪ್ಲಾನ್ ಮಾಡಿದ್ದೆ. ಮೂವತ್ತು ವಾರ ಕಳೆದವು. ಇವತ್ತಿಗೆ 11,340. ನನ್ನ ಕ್ಲೈಂಟುಗಳು ಈ ಸಾಲನ್ನು ಓದದಿರಲಿ.

ಅವ್ವ ಕಣ್ಣಿನ ಪೊರೆ ತೆಗೆಸಲೆಂದು ಮಳೆಗಾಲಕ್ಕೆ ಮುಂಚೆ ಗದಗಿನಿಂದ ಬಂದಳು. ಮೊದಲ ದಿನ ಹಾಳೆ ನೋಡಿ, "ಬರೇ ಚುಕ್ಕಿ ಇಟ್ಟಿಯಲ್ಲೋ ತಮ್ಮಾ. ಗೆರಿ ಯಾವಾಗ ಎಳೀತಿ?" ಅಂದಳು. ಗೆರೆ ಇಲ್ಲ, ಇಷ್ಟೇ ಎಂದೆ. "ಗೆರಿ ಇಲ್ಲದ ರಂಗೋಲಿ ಎಲ್ಲರೆ ಇರತೈತೇನು? ಅಂಗಳದಾಗ ಇಟ್ರ ಕ್ವಾಳಿ ಕೆದರಿದಂಗ ಕಾಣತೈತಿ" ಎಂದು ಒಳಗೆ ಹೋದಳು. ಆಗ ಹಾಳೆಯಲ್ಲಿ ಎರಡು ಸಾವಿರ ಇದ್ದವು. ನನಗೂ ಹಾಗೇ ಕಾಣುತ್ತಿತ್ತು. ತಿಂಗಳುಗಟ್ಟಲೆ ಕೂತು ಮಾಡಿದ್ದರಲ್ಲಿ ಏನೂ ಇಲ್ಲ ಎನ್ನಿಸಿ, ಲೆಕ್ಕ ತಪ್ಪಿದೆಯೇನೋ ಎಂದು ಎರಡು ಸಲ ಕೋಡ್ ತಿರುವಿ ನೋಡಿದ್ದೆ.

ಮೂರು ಸಾವಿರ ದಾಟಿದ ಒಂದು ರವಿವಾರ ಅವ್ವ ಹಾಲಿನ ಆಚೆ ತುದಿಯಲ್ಲಿ ದಿವಾನ್ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಆಪರೇಷನ್ ಇನ್ನೂ ಆಗಿರಲಿಲ್ಲ. ನಾನು ಬೆನ್ನು ನೋವೆಂದು ಹಾಳೆಯನ್ನು ಗೋಡೆಗೆ ಒರಗಿಸಿ ಎದ್ದೆ.

"ಪಟ್ಟಿ ಬಂದಾವಲ್ಲೋ" ಅಂದಳು.

"ಎಲ್ಲಿ ಅವ್ವಾ?"

"ಏ, ಅಲ್ಲೇ. ಉದ್ದಕ ಒಂದ್, ಎರಡ್, ಮೂರ್... ಐದ್ ಅದಾವ ನೋಡು. ಚಾದರದ ಪಟ್ಟಿ ಇದ್ದಂಗ."

ನಾನು ಹತ್ತಿರದಿಂದ ನೋಡಿದೆ, ಕಾಣಲಿಲ್ಲ. ಅವಳ ಪಕ್ಕಕ್ಕೆ ಹೋಗಿ ಕೂತು, ಕನ್ನಡಕ ತೆಗೆದು, ಕಣ್ಣು ಕಿರಿದು ಮಾಡಿ ನೋಡಿದೆ. ಐದು ಇದ್ದವು. ಮಸುಕು ಕಣ್ಣು ಅಕ್ಕಪಕ್ಕದ ಚುಕ್ಕಿಗಳನ್ನು ಕಲಸಿ ಬೂದು ಮಾಡುತ್ತದೆ. ಪೊರೆ ಬಂದ ಕಣ್ಣಿಗೆ ಅದು ನನಗಿಂತ ಮೊದಲು ದಕ್ಕಿತ್ತು. ನಾನು ಆರು ತಿಂಗಳಿಂದ ಹಾಳೆಯಿಂದ ಒಂದು ಗೇಣು ದೂರದಲ್ಲಿ ಕೂತಿದ್ದೆ. ಅಪ್ಪನ ಭೂತಗನ್ನಡಿಯ ವಿಷಯ ಅವ್ವನಿಗೆ ಹೇಳಿದೆ. "ಪ್ರೆಸ್ಸಿನಾಗಿಂದ ಬಂದು ನನಗೂ ಅದನ್ನ ತೋರಿಸ್ತಿದ್ರು. ನಾ ಒಲ್ಲೆ ಅಂತಿದ್ದೆ, ಒಲಿ ಮ್ಯಾಲೆ ಪಲ್ಯ ಇರ್ತಿತ್ತು" ಎಂದು ಅವರೆಕಾಯಿ ಬಿಡಿಸುತ್ತಲೇ ಇದ್ದಳು.

ಆಪರೇಷನ್ ಆಯಿತು. ಈಗ ಅವಳಿಗೂ ಚುಕ್ಕಿ ಚುಕ್ಕಿಯಾಗಿಯೇ ಕಾಣುತ್ತವೆ. ಪಟ್ಟೆ ನೋಡಬೇಕಾದರೆ ನಾವಿಬ್ಬರೂ ಎದ್ದು ಹಾಲಿನ ಆಚೆ ತುದಿಗೆ ಹೋಗಬೇಕು.

ಆರನೆಯ ಹುಡುಗ ದೀಪಾವಳಿಗೆ ಮೆಸೇಜ್ ಮಾಡಿದ್ದ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಮೊದಲಿಗಿಂತ ಚೆನ್ನಾಗಿದೆಯಂತೆ. ಅವನ ಅಂಕ ಇನ್ನೊಬ್ಬಳಿಗೆ ಸಮವಿತ್ತೆಂದು ಅವನಿಗೆ ಗೊತ್ತಿಲ್ಲ. ಹೇಳಬೇಕೆಂದು ಎರಡು ಸಲ ಟೈಪ್ ಮಾಡಿ ಅಳಿಸಿದೆ. ಕೊನೆಗೆ ಶುಭಾಶಯ ಎಂದಷ್ಟೇ ಕಳಿಸಿದೆ.

ನಿನ್ನೆ ಮಗಳು ಸಂಖ್ಯೆ ಓದುತ್ತಿದ್ದಳು, ನಾನು ಇಡುತ್ತಿದ್ದೆ. ಅವಳಿಗೆ ಕನ್ನಡದ ಅಂಕಿ ಹೇಳಲು ತೊಡಕು. ಐವತ್ತೊಂಬತ್ತಕ್ಕೂ ಅರವತ್ತೊಂಬತ್ತಕ್ಕೂ ಗಲಿಬಿಲಿ ಮಾಡಿಕೊಳ್ಳುತ್ತಾಳೆ, ಅವ್ವ ಒಳಗಿನಿಂದಲೇ ತಿದ್ದುತ್ತಾಳೆ. 11,338ನೆಯ ಚುಕ್ಕಿಗೆ ಪೆನ್ನು ತಂದರೆ ಆ ಚೌಕದಲ್ಲಿ ಮೊದಲೇ ಒಂದು ಚುಕ್ಕಿ ಕೂತಿತ್ತು. ಯಾವ ತಿಂಗಳಿನದ್ದೋ ಗೊತ್ತಿಲ್ಲ.

"ಬಿಟ್ಟುಬಿಡು ಪಪ್ಪಾ, ಯಾರಿಗ್ ಕಾಣಸ್ತದ?" ಅಂದಳು ಮಗಳು.

ಅದರ ಮೇಲೇ ಇನ್ನೊಂದು ಇಟ್ಟೆ. ಮುಂದಿನದು ಓದು ಎಂದೆ.